ಸುಂಕದ ಪುಸ್ತಕದಲ್ಲಿ ಒಂದು ಗೊಂಬೆ

ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದೆಂಬುದು ನಮ್ಮ ಹಿರಿಯರು ಅನುಭವದಿಂದ ಕಂಡುಕೊಂಡ ವಿವೇಕ. ಸುಂಕದವನು ಕಿವುಡನೆಂದು ಇದರ ಅರ್ಥವಲ್ಲ. ಅವನ ಕೈಯಲ್ಲಿರುವ ಪಟ್ಟಿಯಲ್ಲಿ ಸುಖಕ್ಕಾಗಲಿ ದುಃಖಕ್ಕಾಗಲಿ ದರ ನಮೂದಾಗಿಲ್ಲ, ಅಷ್ಟೆ. ಅಲ್ಲಿರುವುದು ಸರಕಿನ ಹೆಸರು, ಅದರೆದುರಿಗೆ ಒಂದು ಅಂಕೆ. ಹೇರು ಇಳಿಸಿ, ಹೆಸರು ಹೇಳಿ, ಹಣ ಕಟ್ಟಿ ಮುಂದಕ್ಕೆ ಹೋಗಬೇಕು. ಆದರೆ ಸುಖ ಕೊಡುವುದರ ಹೊರತು ಮತ್ತಾವ ಪ್ರಯೋಜನವನ್ನೂ ಹೇಳಿಕೊಳ್ಳದ ಸರಕೊಂದು ಲೋಕದಲ್ಲಿದೆ. ಅದು ಮಕ್ಕಳ ಆಟಿಕೆ. ಅದು ಸುಂಕದವನ ಮುಂದೆ ಬಂದು ನಿಂತಾಗ ಏನಾಗುತ್ತದೆ? ಕಳೆದ ಕೆಲವು ವರ್ಷಗಳಲ್ಲಿ ನಮ್ಮ ದೇಶದಲ್ಲಿ ನಡೆದಿರುವ ಒಂದು ಆರ್ಥಿಕ ಪ್ರಯೋಗದ ತಿರುಳು ಈ ಪ್ರಶ್ನೆಯಲ್ಲಿದೆ.

ಈ ಪ್ರಶ್ನೆ ನನಗೆ ಹೊಳೆದದ್ದು ಗ್ರಂಥಾಲಯದಲ್ಲಲ್ಲ, ಜಾತ್ರೆಯಲ್ಲಿ. ನಮ್ಮ ಚಿಕ್ಕಬಳ್ಳಾಪುರದ ಸೀಮೆಯಲ್ಲಿ, ಮುದ್ದೇನಹಳ್ಳಿಗೆ ಸಮೀಪದ ನಂದಿಯಲ್ಲಿ, ಶಿವರಾತ್ರಿಯ ವೇಳೆಗೆ ಭೋಗನಂದೀಶ್ವರನ ಜಾತ್ರೆ ನೆರೆಯುತ್ತದೆ. ತೇರು ನೋಡಲು ಬಂದ ಮಕ್ಕಳು ತೇರಿಗಿಂತ ಹೆಚ್ಚು ಹೊತ್ತು ನೋಡುವುದು ಆಟದ ಸಾಮಾನಿನ ಅಂಗಡಿಗಳನ್ನು. ಅಂಥದೊಂದು ಅಂಗಡಿಯ ಮುಂದೆ ನಿಂತು ಒಂದು ಪುಟ್ಟ ಪ್ಲಾಸ್ಟಿಕ್ ಕಾರನ್ನು ಕೈಗೆತ್ತಿಕೊಂಡು, ಇದು ಚೀನಾದ್ದೇ ಎಂದು ಕೇಳಿದೆ. ಅಂಗಡಿಯ ಮುದುಕಿ ನಕ್ಕಳು. "ಮೊದಲು ಅಲ್ಲಿಂದಲೇ ಬರ್ತಿತ್ತು ಸ್ವಾಮಿ. ಈಗ ಸುಂಕ ಜಾಸ್ತಿ ಮಾಡವ್ರಂತೆ. ಇದು ನಮ್ಮ ದೇಶದ್ದೇ. ಮಕ್ಕಳಿಗೇನು, ಎರಡೂ ಒಂದೇ" ಎಂದಳು. "ಮರದ್ದು ಇಟ್ಟಿಲ್ಲವೇನಮ್ಮ?" ಎಂದೆ. "ಮರದ ಒಂದು ಕುದುರೆ ಕಾಸಿಗೆ ಇವು ನಾಲ್ಕು ಬರ್ತವೆ. ತಂದಿಟ್ರೆ ಕೊಳ್ಳೋರು ಯಾರು ಸ್ವಾಮಿ?" ಎಂದು ಬೇರೆ ಗಿರಾಕಿಯ ಕಡೆ ತಿರುಗಿದಳು. ಆಕೆ ಆಡಿದ್ದು ಮೂರು ನಾಲ್ಕು ಮಾತು. ಅರ್ಥಶಾಸ್ತ್ರಜ್ಞರು ಪುಟಗಟ್ಟಲೆ ಬರೆಯುವುದೆಲ್ಲ ಅದರಲ್ಲಿ ಅಡಗಿತ್ತೆಂದು ಈಗ ತೋರುತ್ತದೆ.

ಸುಂಕವೆಂಬುದು ಕನ್ನಡ ಓದಿದವರಿಗೆ ಹೊಸ ವಿಷಯವಲ್ಲ. ನಮ್ಮ ದತ್ತಿಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ, ಕಿರುಕುಳ ಎಂಬ ತೆರಿಗೆಗಳ ಹೆಸರು ಮತ್ತೆ ಮತ್ತೆ ಬರುತ್ತವೆ. ಪೆರ್ಜುಂಕವೆಂದರೆ ಹಿರಿದಾದ ಸುಂಕ. ಕಿರುಕುಳವೆಂದರೆ ಸಣ್ಣಪುಟ್ಟ ಸರಕಿನ ಮೇಲಿನದು. ಈ ಎರಡನೆಯ ಮಾತಿಗೆ ಇಂದು ಪೀಡನೆಯೆಂಬ ಅರ್ಥ ನಿಂತಿದೆ. ಅದೇಕೆಂಬುದನ್ನು ತೆರಿಗೆ ಕಟ್ಟಿದವರಿಗೆ ವಿವರಿಸಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಶರಣರ ನಡುವೆ ಸುಂಕದ ಬಂಕಣ್ಣನೆಂಬ ವಚನಕಾರನೇ ಇದ್ದನು. ಸುಂಕದ ಕಟ್ಟೆಯಲ್ಲಿ ಕುಳಿತವನು ಅಂದೂ ಇಂದೂ ಮಾಡುವ ಮೊದಲ ಕೆಲಸ ಹಣ ಎಣಿಸುವುದಲ್ಲ; ಹೇರನ್ನು ಬಿಚ್ಚಿ, "ಇದೇನು?" ಎಂದು ಕೇಳುವುದು. ಹೆಸರು ನಿಶ್ಚಯವಾದ ಮೇಲೆಯೇ ದರ. ಆದ್ದರಿಂದ ಸುಂಕವು ಲೆಕ್ಕದ ಶಾಸ್ತ್ರವಾಗುವುದಕ್ಕೆ ಮುನ್ನ ನಾಮಕರಣದ ಶಾಸ್ತ್ರ. ಭಾಷೆಯ ಮೇಷ್ಟರೊಬ್ಬ ಅದರ ವಿಷಯ ಬರೆಯಲು ಸಾಹಸ ಮಾಡುತ್ತಿರುವುದಕ್ಕೆ ಇದೇ ಸಮರ್ಥನೆ.

ಈಗಿನ ಸುಂಕದ ಪುಸ್ತಕ ಒಂದು ದೇಶದ್ದಲ್ಲ. ಬ್ರಸೆಲ್ಸ್ ನಗರದಲ್ಲಿ ನೆಲೆಯಿರುವ ವಿಶ್ವ ಸುಂಕ ಸಂಸ್ಥೆಯವರು ರೂಪಿಸಿದ ವರ್ಗೀಕರಣ 1988ರ ಜನವರಿ 1ರಿಂದ ಜಾರಿಗೆ ಬಂತು. ಜಗತ್ತಿನ ಬಹುಪಾಲು ವ್ಯಾಪಾರ ಇಂದು ಅದರ ಭಾಷೆಯಲ್ಲೇ ನಡೆಯುತ್ತಿದೆ. ನಮ್ಮ 1975ರ ಕಸ್ಟಮ್ಸ್ ಸುಂಕ ಕಾಯಿದೆಯ ಪಟ್ಟಿಯನ್ನೂ ಅದಕ್ಕೆ ಹೊಂದಿಸಲಾಗಿದೆ. ಇಪ್ಪತ್ತೊಂದು ವಿಭಾಗ, ತೊಂಬತ್ತೇಳು ಅಧ್ಯಾಯ. ಜೀವಂತ ಪ್ರಾಣಿಗಳಿಂದ ಆರಂಭವಾಗಿ ಕಲಾಕೃತಿಗಳಲ್ಲಿ ಮುಗಿಯುವ ಇದನ್ನು ವ್ಯಾಪಾರಿಗಳು ಬರೆದ ನಿಘಂಟು ಎಂದರೂ ಸಲ್ಲುತ್ತದೆ. ಪ್ರತಿ ಸರಕಿಗೂ ಮೊದಲ ಆರು ಅಂಕೆಗಳು ಲೋಕಕ್ಕೆಲ್ಲ ಸಮಾನ. ನಾವು ಇನ್ನೆರಡು ಅಂಕೆ ಸೇರಿಸಿ ಎಂಟು ಮಾಡಿಕೊಂಡಿದ್ದೇವೆ. ಆಟಿಕೆಗಳಿರುವುದು ತೊಂಬತ್ತೈದನೆಯ ಅಧ್ಯಾಯದಲ್ಲಿ. ಅಲ್ಲಿಯ 9503 ಎಂಬ ಶಿರೋನಾಮೆಯ ಕೆಳಗೆ ಮೂರು ಗಾಲಿಯ ಸೈಕಲ್ಲು, ಕಾಲಿನಿಂದ ತುಳಿದು ಓಡಿಸುವ ಪುಟ್ಟ ಕಾರು, ಗೊಂಬೆ, ಗೊಂಬೆಯನ್ನು ಮಲಗಿಸಿ ತಳ್ಳುವ ಬಂಡಿ, ಚಿಕ್ಕ ಅಳತೆಯ ಮಾದರಿಗಳು, ಜೋಡಿಸಿ ಆಡುವ ಒಗಟಿನ ಆಟಗಳು, ಮತ್ತು "ಇತರ ಆಟಿಕೆಗಳು" ಒಟ್ಟಿಗೆ ನಿಂತಿವೆ.

ಇಲ್ಲಿ ವಿವೇಚನೆಯ ಸೂಕ್ಷ್ಮಗಳು ಬೇಕಾದಷ್ಟಿವೆ. ಮೂರು ಗಾಲಿಯ ಸೈಕಲ್ಲು ಆಟಿಕೆ. ಮಕ್ಕಳಿಗಾಗಿಯೇ ಮಾಡಿದ ಎರಡು ಗಾಲಿಯ ಸೈಕಲ್ಲು ಆಟಿಕೆಯಲ್ಲ, ಅದು ಎಂಬತ್ತೇಳನೆಯ ಅಧ್ಯಾಯಕ್ಕೆ ಸೇರಿದ ವಾಹನ. ಬುಗುರಿ 9503ಕ್ಕೆ ಸೇರುತ್ತದೆ; ಇಸ್ಪೀಟು, ಚದುರಂಗದಂಥ ಮಣೆಯಾಟಗಳು ಪಕ್ಕದ 9504ಕ್ಕೆ. ನಮ್ಮ ಅಜ್ಜಿಯರ ಅಳಗುಳಿಮಣೆಯೂ ಅಲ್ಲಿಯೇ ಕೂಡಬೇಕಾದೀತು. ಮರದ ಕುದುರೆಯನ್ನು ಮಗು ಎಳೆದಾಡಲೆಂದು ಮಾಡಿದ್ದರೆ ಅದು ಆಟಿಕೆ; ದೊಡ್ಡವರ ಬೈಠಕ್ಕಿನಲ್ಲಿ ಅಲಂಕಾರಕ್ಕೆ ನಿಲ್ಲಿಸಲೆಂದು ಮಾಡಿದ್ದರೆ ನಲವತ್ತನಾಲ್ಕನೆಯ ಅಧ್ಯಾಯದಲ್ಲಿ ಮರದ ವಿಗ್ರಹಗಳ ಜೊತೆ ಅದರ ಸ್ಥಾನ. ಸಂದೇಹ ಬಂದಾಗ ಬಿಡಿಸಲು ಸೂತ್ರಗಳಿವೆ. ಸಾಮಾನ್ಯ ವರ್ಣನೆಗಿಂತ ವಿಶೇಷ ವರ್ಣನೆಗೆ ಬಲ ಹೆಚ್ಚೆಂಬುದು ಒಂದು. ಹಲವು ವಸ್ತು ಸೇರಿ ಆದುದಕ್ಕೆ ಅದರ ಜೀವಾಳ ಯಾವುದೋ ಅದೇ ಹೆಸರೆಂಬುದು ಇನ್ನೊಂದು. ಉತ್ಸರ್ಗಕ್ಕಿಂತ ಅಪವಾದ ಬಲವತ್ತರವೆಂದು ವ್ಯಾಕರಣದ ತರಗತಿಯಲ್ಲಿ ಹೇಳಿಕೊಡುವ ನಮಗೆ ಈ ಸೂತ್ರಗಳು ಅಪರಿಚಿತವಲ್ಲ.

ಹೆಸರಿಡುವ ಈ ಕೆಲಸ ಎಂಥ ಇಕ್ಕಟ್ಟಿಗೆ ಒಯ್ಯಬಲ್ಲದೆಂಬುದಕ್ಕೆ ಅಮೆರಿಕದ ಒಂದು ಮೊಕದ್ದಮೆ ಸಾಕ್ಷಿ. ಹಿಂದಿನ ಪಟ್ಟಿಯಲ್ಲಿ ಗೊಂಬೆಗೂ ಆಟಿಕೆಗೂ ಬೇರೆ ಬೇರೆ ಶಿರೋನಾಮೆಗಳಿದ್ದುವು. ಮನುಷ್ಯರನ್ನು ಮಾತ್ರ ಹೋಲುವುದು ಗೊಂಬೆ. ಪ್ರಾಣಿಯನ್ನೋ ಭೂತವನ್ನೋ ಯಂತ್ರಪುರುಷನನ್ನೋ ಹೋಲುವುದು ಆಟಿಕೆ. ಅಲ್ಲಿ ಗೊಂಬೆಗೆ ಶೇಕಡಾ 12 ಸುಂಕ, ಆಟಿಕೆಗೆ ಶೇಕಡಾ 6.8. ಟಾಯ್ ಬಿಜ್ ಎಂಬ ಕಂಪನಿ ಚಿತ್ರಕಥೆಗಳ ಎಕ್ಸ್-ಮೆನ್ ವೀರರ ಪ್ರತಿಮೆಗಳನ್ನು ತರಿಸಿತ್ತು. ಇವರು ಹುಟ್ಟಿನಿಂದಲೇ ವಿಚಿತ್ರ ಶಕ್ತಿಗಳುಳ್ಳವರು. ತಮ್ಮನ್ನೂ ಮನುಷ್ಯರೆಂದು ಲೋಕ ಒಪ್ಪಬೇಕೆಂಬುದೇ ಆ ಕಥೆಗಳ ಉದ್ದಕ್ಕೂ ಅವರ ಹೋರಾಟ. ಸುಂಕ ಉಳಿಸಬೇಕಾದ ಕಂಪನಿ ಮಾತ್ರ ನ್ಯಾಯಾಲಯದಲ್ಲಿ ಇವರು ಮನುಷ್ಯರಲ್ಲವೆಂದು ವಾದಿಸಿತು. 2003ರಲ್ಲಿ ನ್ಯಾಯಾಧೀಶೆ ಜುಡಿತ್ ಬಾರ್ಜಿಲೆ ಆ ಪ್ರತಿಮೆಗಳನ್ನು ಪರಿಶೀಲಿಸಿ, ಹೌದು, ಇವರು ಮನುಷ್ಯರಲ್ಲವೆಂದು ತೀರ್ಪಿತ್ತರು. ಕಥೆಯನ್ನು ಪ್ರೀತಿಸಿದವರಿಗೆ ನೋವಾಯಿತು. ಕಂಪನಿಗೆ ಹಣ ಉಳಿಯಿತು.

ಈ ಪ್ರಶ್ನೆಯನ್ನು ನಮ್ಮ ದಸರೆಯ ಗೊಂಬೆಗಳ ಮುಂದೆ ಇಟ್ಟು ನೋಡಬಹುದು. ಪಟ್ಟದ ರಾಜ ರಾಣಿ, ಅಂಗಡಿ ಹೂಡಿ ಕುಳಿತ ಶೆಟ್ಟಿ ಶೆಟ್ಟಮ್ಮ ನಿಸ್ಸಂದೇಹವಾಗಿ ಗೊಂಬೆಗಳು. ಅಂಬಾರಿಯ ಆನೆ ಆಟಿಕೆ. ಆನೆಯ ಮೊಗ, ಮನುಷ್ಯನ ಮೈ ಇರುವ ನಮ್ಮ ಗಣಪ ಯಾವ ಸಾಲಿನಲ್ಲಿ ನಿಲ್ಲುತ್ತಿದ್ದನು? ಕನ್ನಡದಲ್ಲಿ ಅವರೆಲ್ಲರೂ ಗೊಂಬೆಗಳೇ. ಒಂದೇ ಮೆಟ್ಟಿಲ ಮೇಲೆ ಅಕ್ಕಪಕ್ಕ ಕುಳಿತು ಆರತಿ ಎತ್ತಿಸಿಕೊಳ್ಳುತ್ತಾರೆ. ಬ್ರಸೆಲ್ಸಿನವರಿಗೂ ಕೊನೆಗೆ ಈ ಭೇದ ಸಾಕೆನಿಸಿರಬೇಕು. 2007ರ ಪರಿಷ್ಕರಣದಲ್ಲಿ ಗಾಲಿಯ ಆಟಿಕೆ, ಗೊಂಬೆ, ಇತರ ಆಟಿಕೆ ಎಂಬ ಮೂರು ಶಿರೋನಾಮೆಗಳನ್ನು ಒಂದುಗೂಡಿಸಿ 9503 ಎಂಬ ಒಂದೇ ಮನೆಯನ್ನು ಕಟ್ಟಿದರು. ಒಂದು ತಂಟೆ ಕಳೆಯಿತು. ಆದರೆ ಮನೆ ದೊಡ್ಡದಾದಷ್ಟೂ ಒಳಗಿರುವವರ ಮುಖ ಗುರುತಿಸುವುದು ಕಷ್ಟವಾಗುತ್ತದೆ. ನಮ್ಮ ಪ್ರಸ್ತುತ ಸಮಸ್ಯೆ ಅಲ್ಲಿಂದ ಹೊರಡುತ್ತದೆ.

ಭಾರತದಲ್ಲಿ ಈ ಶತಮಾನದ ಆರಂಭಕ್ಕೆ, 2001ರ ಏಪ್ರಿಲ್ ವೇಳೆಗೆ, ಬಳಕೆಯ ವಸ್ತುಗಳ ಆಮದಿನ ಮೇಲಿದ್ದ ಪ್ರಮಾಣದ ನಿರ್ಬಂಧಗಳು ತೆರವಾದುವು. ಬಳಿಕ ಚೀನಾದ ಆಟಿಕೆಗಳು ಪೇಟೆಯನ್ನು ತುಂಬಿದುವು. 2009ರ ಜನವರಿಯಲ್ಲಿ ಸರ್ಕಾರ ಅವುಗಳ ಆಮದನ್ನು ಆರು ತಿಂಗಳ ಕಾಲ ನಿಷೇಧಿಸಿ, ಕೆಲವೇ ವಾರಗಳಲ್ಲಿ, ಸುರಕ್ಷತೆಯ ಪ್ರಮಾಣಪತ್ರವುಳ್ಳವು ಬರಬಹುದೆಂದು ಸಡಿಲಿಸಿತು. ಸುಂಕದ ಗೋಡೆ ಎದ್ದದ್ದು ಆಮೇಲೆ. 2018ರಲ್ಲಿ ಶೇಕಡಾ 10ರಿಂದ 20. 2020ರ ಫೆಬ್ರವರಿಯಲ್ಲಿ ಒಂದೇ ನೆಗೆತಕ್ಕೆ 60. 2023ರ ಬಜೆಟ್ಟಿನಲ್ಲಿ 70. ಬಂದರಿನಲ್ಲಿ ನೂರು ರೂಪಾಯಿ ಬೆಲೆಕಟ್ಟಿದ ಆಟಿಕೆಗೆ ಎಪ್ಪತ್ತು ರೂಪಾಯಿ ಮೂಲ ಸುಂಕವೆಂದಾಯಿತು. ವಿದ್ಯುನ್ಮಾನ ಆಟಿಕೆಗಳ ಬಿಡಿಭಾಗಗಳನ್ನು ಮಾತ್ರ ಈ ಎಪ್ಪತ್ತರಿಂದ ಹೊರಗಿಟ್ಟರು. ಇಲ್ಲಿ ಜೋಡಿಸುವ ಕಾರ್ಖಾನೆಗಳಿಗೆ ಅವು ಬೇಕು.

ಇದಕ್ಕೆ ಕಾರಣ ವ್ಯಾಪಾರವೊಂದೇ ಆಗಿರಲಿಲ್ಲ. 2019ರಲ್ಲಿ ಭಾರತೀಯ ಗುಣಮಟ್ಟ ಪರಿಷತ್ತು ಆಮದಾದ ಆಟಿಕೆಗಳ ಮಾದರಿಗಳನ್ನು ಪರೀಕ್ಷೆಗೆ ಒಡ್ಡಿದಾಗ, ನೂರಕ್ಕೆ ಸುಮಾರು ಅರುವತ್ತೇಳು ಸುರಕ್ಷತೆಯಲ್ಲಿ ಸೋತುವು. ಮಗು ಆಟಿಕೆಯನ್ನು ಕಣ್ಣಿನಿಂದ ಮಾತ್ರ ನೋಡುವುದಿಲ್ಲ, ಬಾಯಿಂದಲೂ ನೋಡುತ್ತದೆ. ಬಣ್ಣದಲ್ಲಿ ಸೀಸವಿದ್ದರೆ, ಅಂಚು ಹರಿತವಿದ್ದರೆ, ಕಳಚಿ ಬರುವ ಗುಂಡಿಯಿದ್ದರೆ, ಅದರ ಫಲ ಉಣ್ಣುವುದು ಮಾತು ಬಾರದ ಜೀವ. ಆದ್ದರಿಂದ 2021ರ ಜನವರಿ 1ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ, ಸ್ವದೇಶದ್ದಾಗಲಿ ವಿದೇಶದ್ದಾಗಲಿ, ಐ.ಎಸ್.ಐ. ಗುರುತು ಕಡ್ಡಾಯವಾಯಿತು. ಈ ಕ್ರಮವನ್ನು ಸ್ವಾಗತಿಸದಿರಲು ಕಾರಣವಿಲ್ಲ.

ಫಲಿತಾಂಶವೂ ಕಣ್ಣಿಗೆ ಕಾಣುವಂತಿತ್ತು. ಸರ್ಕಾರದ ಲೆಕ್ಕದಂತೆ 2018-19ರಲ್ಲಿ 37 ಕೋಟಿ 10 ಲಕ್ಷ ಡಾಲರಿನಷ್ಟಿದ್ದ ಆಮದು 2021-22ಕ್ಕೆ 11 ಕೋಟಿ ಡಾಲರಿಗೆ ಇಳಿಯಿತು. ಅಂದರೆ ಶೇಕಡಾ ಎಪ್ಪತ್ತರಷ್ಟು ಕುಸಿತ. ಇದು 9503, 9504, 9505 ಎಂಬ ಮೂರು ಶಿರೋನಾಮೆಗಳನ್ನು ಕೂಡಿಸಿದ ಲೆಕ್ಕ. ವಿಡಿಯೋ ಆಟದ ಯಂತ್ರಗಳೂ ಹಬ್ಬದ ಅಲಂಕಾರಗಳೂ ಅದರಲ್ಲಿ ಸೇರಿವೆ. 9503 ಒಂದನ್ನೇ ಹಿಡಿದರೆ ಅದೇ ಅವಧಿಯಲ್ಲಿ 30 ಕೋಟಿ 40 ಲಕ್ಷ ಡಾಲರಿನಿಂದ 3 ಕೋಟಿ 60 ಲಕ್ಷಕ್ಕೆ ಇಳಿದಿದೆ. ಕುಸಿತ ಶೇಕಡಾ ಎಂಬತ್ತೆಂಟು. ಆಟಿಕೆಯೆಂದರೇನು ಎಂಬ ಪ್ರಶ್ನೆಗೆ ಕೊಡುವ ಉತ್ತರ ಬದಲಾದರೆ ಒಂದೇ ಚರಿತ್ರೆಗೆ ಎರಡು ಅಂಕೆಗಳು ಬರುತ್ತವೆ. ಹೇಗೆ ನೋಡಿದರೂ ಗೋಡೆ ತನ್ನ ಕೆಲಸ ಮಾಡಿತು. ಹೊರಗಿನದು ಹೊರಗೆ ನಿಂತಿತು. ಆದರೆ ಒಳಗೆ ಯಾರು ಬೆಳೆದರು?

ಗೋಡೆಯ ಮಹಿಮೆ ನಮ್ಮ ಸೀಮೆಯವರಿಗೆ ಚೆನ್ನಾಗಿ ಗೊತ್ತು. ಶಿಡ್ಲಘಟ್ಟ, ಚಿಂತಾಮಣಿಗಳ ರೇಷ್ಮೆಯ ಮನೆಗಳಲ್ಲಿ ಆಮದು ಸುಂಕವೆಂಬುದು ದೆಹಲಿಯ ಮಾತಲ್ಲ, ಅಡಿಗೆಮನೆಯ ಮಾತು. 1930ರ ದಶಕದಲ್ಲಿ ಚೀನಾ ಜಪಾನುಗಳ ಅಗ್ಗದ ರೇಷ್ಮೆಯ ಮುಂದೆ ಮೈಸೂರಿನ ರೇಷ್ಮೆ ತತ್ತರಿಸಿದಾಗ, ಸುಂಕ ಮಂಡಳಿಯ ವಿಚಾರಣೆ ನಡೆದು 1934ರಲ್ಲಿ ರಕ್ಷಣೆಯ ಸುಂಕ ಬಂತು. ನಮ್ಮ ಕಾಲದಲ್ಲಿ, 2011ರ ಬಜೆಟ್ಟು ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿತು. ಗೂಡಿನ ಬೆಲೆ ಕುಸಿದು ಬೆಳೆಗಾರರು ಬೀದಿಗಿಳಿದರು. 2013ರಲ್ಲಿ ಅದನ್ನು ಮತ್ತೆ 15ಕ್ಕೆ ಏರಿಸಬೇಕಾಯಿತು. ಹೀಗಿರುವುದರಿಂದ ಸುಂಕದ ರಕ್ಷಣೆಯನ್ನು ಹಗುರಾಗಿ ಆಡುವುದು ನಮ್ಮವರಿಗೆ ಸಾಧ್ಯವಿಲ್ಲ.

ಆದರೆ ರೇಷ್ಮೆಗೂ ಆಟಿಕೆಗೂ ಒಂದು ಮುಖ್ಯವಾದ ಅಂತರವಿದೆ. ಕಚ್ಚಾ ರೇಷ್ಮೆಯೆಂಬ ಹೆಸರಿನಲ್ಲಿ ಚೀನಾದ ನೂಲೂ ಶಿಡ್ಲಘಟ್ಟದ ನೂಲೂ ಎದುರುಬದುರು ನಿಲ್ಲುತ್ತವೆ. ಹೆಸರು ಒಂದೇ, ವಸ್ತುವೂ ಬಹುಮಟ್ಟಿಗೆ ಒಂದೇ. ಒಂದನ್ನು ತಡೆದರೆ ಇನ್ನೊಂದಕ್ಕೆ ನೇರವಾಗಿ ಜಾಗ ಸಿಗುತ್ತದೆ. ಆಟಿಕೆಯ ವಿಷಯ ಹಾಗಲ್ಲ. 9503ರ ದೊಡ್ಡ ಮನೆಯಲ್ಲಿ ಅಚ್ಚಿನಿಂದ ನಿಮಿಷಕ್ಕೆ ಹತ್ತಾರು ಉದುರುವ ಪ್ಲಾಸ್ಟಿಕ್ ಕಾರೂ ಇದೆ, ಕುಶಲಕರ್ಮಿಯೊಬ್ಬ ಕುಳಿತು ಒಂದೊಂದಾಗಿ ಕಡೆದ ಮರದ ಗಿಲಕಿಯೂ ಇದೆ. ಶಿರೋನಾಮೆಯ ಮಾತುಗಳಲ್ಲಿ ಕೈಕೆಲಸವೆಂಬ ಶಬ್ದವೇ ಇಲ್ಲ. ಈ ಮನೆಯ ಸುತ್ತ ಗೋಡೆ ಎತ್ತರಿಸಿದರೆ ಚೀನಾದ ಪ್ಲಾಸ್ಟಿಕ್ಕಿನ ಜಾಗಕ್ಕೆ ಮೊದಲು ಬಂದು ಕೂರುವುದು ಇಲ್ಲಿಯ ಪ್ಲಾಸ್ಟಿಕ್ಕೇ ಹೊರತು ಮರದ ಕುದುರೆಯಲ್ಲ. ನಂದಿ ಜಾತ್ರೆಯ ಮುದುಕಿ ಹೇಳಿದ್ದು ಇದನ್ನೇ.

ಮರದ ಕುದುರೆ ಹುಟ್ಟುವ ಚನ್ನಪಟ್ಟಣವನ್ನು ಬೆಂಗಳೂರು-ಮೈಸೂರು ದಾರಿಯಲ್ಲಿ ಹೋದ ಕನ್ನಡಿಗರೆಲ್ಲರೂ ಕಂಡಿದ್ದಾರೆ. ಬಿಳುಪಾದ, ಮೃದುವಾದ ಆಲೆಮರದ ತುಂಡನ್ನು ಲೇತಿಗೆ ಸಿಕ್ಕಿಸಿ ತಿರುಗಿಸುತ್ತಾರೆ. ಉಳಿ ತಾಗಿದಂತೆ ಹೊಟ್ಟು ಹಾರಿ ಆಕಾರ ಹೊಮ್ಮುತ್ತದೆ. ಬಳಿಕ ತಿರುಗುತ್ತಿರುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ತಿಕ್ಕಾಟದ ಕಾವಿಗೆ ಅರಗು ಕರಗಿ ಮೈಗೆ ಹತ್ತುತ್ತದೆ. ಕೊನೆಗೆ ಕೇದಗೆಯ ಜಾತಿಯ ಒಣ ಗರಿಯಿಂದ ಉಜ್ಜಿದಾಗ ಆ ಹೊಳಪು ಬರುತ್ತದೆ. ಕುಂಚವಿಲ್ಲ, ಒಣಗಿಸುವ ಕಾಲವಿಲ್ಲ. ಮರ, ಅರಗು, ಗರಿ, ಮತ್ತು ಒತ್ತಡ ಎಷ್ಟಿರಬೇಕೆಂದು ಬಲ್ಲ ಕೈ. ಟೀಪುವಿನ ಕಾಲದಲ್ಲಿ ಪರ್ಷಿಯದ ಕುಶಲರಿಂದ ಈ ವಿದ್ಯೆ ಬಂತೆಂದು ಐತಿಹ್ಯ. ಸೀಸದ ಬಣ್ಣದ ಭಯ ಲೋಕವನ್ನು ಕಾಡುತ್ತಿರುವ ಕಾಲದಲ್ಲಿ, ಮರಕ್ಕೆ ಅರಗನ್ನೂ ಸಸ್ಯಜನ್ಯ ಬಣ್ಣವನ್ನೂ ಹತ್ತಿಸುವ ವಿದ್ಯೆ ನಮ್ಮ ಮನೆಯ ಪಕ್ಕದಲ್ಲೇ ಇದೆ.

ಈ ಕೈಗಳಿಗೆ ನಿಜವಾದ ನೆರವು ಯಾವಾಗ ದೊರೆಯಿತೆಂದು ಹುಡುಕಿದರೆ ಒಂದು ಕುತೂಹಲದ ಸಂಗತಿ ತಿಳಿಯುತ್ತದೆ. ಕಾನೂನು ಅವರನ್ನು ಹೆಸರು ಹಿಡಿದು ಕರೆದಾಗಲೆಲ್ಲ ನೆರವು ದೊರೆತಿದೆ. 2005-06ರಲ್ಲಿ "ಚನ್ನಪಟ್ಟಣದ ಆಟಿಕೆ ಮತ್ತು ಗೊಂಬೆ" ಎಂಬ ಹೆಸರು ಭೌಗೋಳಿಕ ಗುರುತಿನ ದಾಖಲೆ ಸೇರಿತು. ಬೇರೆಡೆ ಮಾಡಿದ್ದನ್ನು ಆ ಹೆಸರಿನಲ್ಲಿ ಮಾರುವುದಕ್ಕೆ ತಡೆ ಬಂತು. 2018ರ ಜುಲೈಯಲ್ಲಿ ಸರಕು ಮತ್ತು ಸೇವಾ ತೆರಿಗೆಯ ಒಂದು ಅಧಿಸೂಚನೆ ಕರಕುಶಲ ವಸ್ತುಗಳ ಪಟ್ಟಿಯನ್ನು ಕೊಟ್ಟಾಗ, ಸಾವಂತವಾಡಿಯ ಮರದ ಆಟಿಕೆ, ತಂಜಾವೂರಿನ ಗೊಂಬೆಗಳ ಜೊತೆ ಚನ್ನಪಟ್ಟಣದ ಹೆಸರನ್ನೂ ಬರೆಯಿತು. ಐ.ಎಸ್.ಐ. ಗುರುತು ಕಡ್ಡಾಯವಾಗಲಿದ್ದಾಗ, ಪರೀಕ್ಷಾಲಯ ಇಟ್ಟುಕೊಳ್ಳಲಾರದ ಮನೆಗೆಲಸದವರ ಗತಿಯೇನೆಂಬ ಆತಂಕವಿತ್ತು. 2020ರ ಡಿಸೆಂಬರಿನ ತಿದ್ದುಪಡಿ, ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಗುರುತಿನ ಅಧಿಕೃತ ಬಳಕೆದಾರರಿಗೂ ಅದರಿಂದ ವಿನಾಯಿತಿ ಕೊಟ್ಟಿತು. ಈ ಮೂರು ಕಡೆಯೂ ವಿಶೇಷ ನಾಮವೇ ಅವರನ್ನು ಕಾಪಾಡಿದ್ದು. ಅರುವತ್ತು, ಎಪ್ಪತ್ತರ ಗೋಡೆ ಮಾತ್ರ ಅವರ ಹೆಸರನ್ನು ಬಲ್ಲದಲ್ಲ.

ನಾಮದ ಬಲಕ್ಕೆ ಇನ್ನೊಂದು ನಿದರ್ಶನ ಅದೇ 2018ರ ಜುಲೈಯದು. ಕಲ್ಲು, ಅಮೃತಶಿಲೆ, ಮರದ ದೇವರ ಮೂರ್ತಿಗಳಿಗೆ ತೆರಿಗೆಯೇ ಇಲ್ಲವೆಂದು ಆಗ ತೀರ್ಮಾನವಾಯಿತು. ಮರದ ಗೊಂಬೆಗೆ ಶೇಕಡಾ 12 ಇತ್ತು. ಒಂದೇ ಮರದಿಂದ, ಒಂದೇ ಕೈ, ಬೆಳಿಗ್ಗೆ ಕೃಷ್ಣನನ್ನೂ ಮಧ್ಯಾಹ್ನ ಗೊಲ್ಲರ ಹುಡುಗನನ್ನೂ ಮಾಡಿದರೆ, ಕೃಷ್ಣ ತೆರಿಗೆಯಿಲ್ಲದೆ ಪೇಟೆಗೆ ಹೋಗುತ್ತಾನೆ, ಅವನ ಗೆಳೆಯ ತೆರಿಗೆ ಕಟ್ಟಿ ಹೋಗುತ್ತಾನೆ. 2025ರ ಸೆಪ್ಟೆಂಬರ್ 22ರಿಂದ ಗೊಂಬೆಯ ತೆರಿಗೆ ಶೇಕಡಾ 5ಕ್ಕೆ ಇಳಿದು ಈ ಅಂತರ ಕಡಿಮೆಯಾಯಿತೆಂಬುದು ಸಂತೋಷದ ವಿಷಯ. ಆದರೆ ವಿದ್ಯುನ್ಮಾನದ್ದಲ್ಲದ ಪ್ಲಾಸ್ಟಿಕ್ ಆಟಿಕೆಗೂ ಅದೇ ದಿನ ಅದೇ ಇಳಿಕೆ ದೊರೆಯಿತೆಂಬುದನ್ನು ಮರೆಯಬಾರದು. ಸಾಮಾನ್ಯ ನಾಮಕ್ಕೆ ಸಿಕ್ಕ ಉಪಕಾರ ಎಲ್ಲರಿಗೂ ಸಮನಾಗಿ ಹಂಚಿಹೋಗುತ್ತದೆ. ದುರ್ಬಲನು ಇದ್ದಲ್ಲಿಯೇ ಇರುತ್ತಾನೆ.

ಹೀಗೆಂದು ಕಾರ್ಖಾನೆಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಕಿನ್ನಾಳದ ಮರದ ಗೊಂಬೆಗಳಿಗೆ ಹೆಸರಾದ ಕೊಪ್ಪಳ ಜಿಲ್ಲೆಯಲ್ಲೇ, ಭಾನಾಪುರದ ಬಳಿ ಸುಮಾರು 400 ಎಕರೆಯ ಆಟಿಕೆ ಕೈಗಾರಿಕಾ ನೆಲೆಗೆ 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ಅಲ್ಲಿ ಯಂತ್ರದ ಮುಂದೆ ನಿಂತು ದುಡಿಯುವವರೂ ನಮ್ಮವರೇ, ಅವರ ಸಂಬಳವೂ ಅನ್ನವೇ. ಗೋಡೆ ಬೇಡವೆಂದೂ ನನ್ನ ವಾದವಲ್ಲ. ಅದನ್ನು ಕೆಡವಿದರೆ ಮರದ ಕುದುರೆಗೆ ಎದುರಾಳಿಗಳು ಇಮ್ಮಡಿಯಾಗುತ್ತಾರೆ. ನಾನು ಹೇಳುವುದು ಇಷ್ಟು: ಗೋಡೆ ಕಟ್ಟಿದ್ದೇವೆ, ಆದ್ದರಿಂದ ಕುಶಲಕರ್ಮಿಯನ್ನು ಉಳಿಸಿದ್ದೇವೆ ಎಂದು ನಾವು ನೆಮ್ಮದಿಯಾಗಿ ಮಲಗಬಾರದು. ಗೋಡೆ ಕಾದದ್ದು ಒಂದು ಶಿರೋನಾಮೆಯನ್ನು. ಕುಶಲಕರ್ಮಿಗೆ ಆ ಶಿರೋನಾಮೆಯ ಒಳಗೆ ಇನ್ನೂ ಸ್ವಂತ ಹೆಸರಿಲ್ಲ.

ಹಾಗಾದರೆ ಮಾಡಬೇಕಾದುದೇನು? ಸುಂಕದ ಪುಸ್ತಕದ ಕೊನೆಯ ಎರಡು ಅಂಕೆಗಳು ನಮ್ಮ ಸ್ವಾಧೀನದಲ್ಲಿವೆ. 2025ರ ಬಜೆಟ್ಟಿನಲ್ಲಿ ಭೌಗೋಳಿಕ ಗುರುತು ಪಡೆದ ಅಕ್ಕಿಗೆಂದು ಪಟ್ಟಿಯಲ್ಲಿ ಪ್ರತ್ಯೇಕ ಸಾಲುಗಳನ್ನು ಮಾಡಿದರು. ಅಕ್ಕಿಗೆ ಸಲ್ಲುವ ಗೌರವ ಗೊಂಬೆಗೆ ಏಕೆ ಸಲ್ಲಬಾರದು? ಗುರುತು ಪಡೆದ ಕೈಗೆಲಸದ ಆಟಿಕೆಗೆ ಸ್ವಂತ ಸಾಲು ದೊರೆತರೆ, ಅದು ಎಷ್ಟು ಹೊರದೇಶಕ್ಕೆ ಹೋಯಿತು, ಏರಿತೇ ಇಳಿಯಿತೇ ಎಂಬುದಾದರೂ ತಿಳಿಯುತ್ತದೆ. ಎಣಿಕೆಗೆ ಸಿಗದ ಕಸುಬು ಸದ್ದಿಲ್ಲದೆ ಸಾಯುತ್ತದೆ. ಎರಡನೆಯದಾಗಿ, ಕೊಳ್ಳುವವರು ಬೇಕು. ನಮ್ಮ ರಾಜ್ಯದ ಪ್ರತಿ ಅಂಗನವಾಡಿಯಲ್ಲೂ ಮಗು ಮೊದಲು ಹಿಡಿಯುವ ಗಿಲಕಿ, ಮೊದಲು ಎಣಿಸುವ ಮಣಿ, ಮೊದಲು ಎಳೆಯುವ ಗಾಲಿಯ ಕುದುರೆ ಚನ್ನಪಟ್ಟಣದ್ದೋ ಕಿನ್ನಾಳದ್ದೋ ಆಗುವಂತೆ ಸರ್ಕಾರ ಕೊಂಡು ಕೊಟ್ಟರೆ, ಯಾವ ಗೋಡೆಯೂ ಕೊಡಲಾರದ ರಕ್ಷಣೆ ಅದು. ಬಡವರ ಮಗುವಿಗೂ ವಿಷವಿಲ್ಲದ ಆಟಿಕೆ ಸಿಗುತ್ತದೆ; ಲೇತು ನಿಲ್ಲದೆ ತಿರುಗುತ್ತದೆ.

ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರು ಹುಟ್ಟಿದ ಮನೆಯನ್ನೂ 1962ರಲ್ಲಿ ಅವರ ಅಂತ್ಯಕ್ರಿಯೆ ನಡೆದ ಸ್ಥಳವನ್ನೂ ನೋಡಲು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗುವುದುಂಟು. ಕೈಗಾರಿಕೆಯಿಲ್ಲದ ನಾಡು ಉಳಿಯಲಾರದೆಂದು ಜೀವಮಾನವೆಲ್ಲ ಸಾರಿದವರು ಅವರು. ಎಳೆಯ ಉದ್ಯಮಕ್ಕೆ ರಕ್ಷಣೆಯ ಆಸರೆ ಬೇಕೆಂಬ ಪಕ್ಷದವರು. ಆದರೆ ಅವರ ದಿವಾನಗಿರಿಯ ಕಾಲದಲ್ಲಿಯೇ 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದುವೆಂಬುದನ್ನು ಮರೆಯಬಾರದು. ಉದ್ಯಮಕ್ಕೆ ಹಣ, ಹಣದ ಜೊತೆಗೆ ವಿದ್ಯೆ, ವಿದ್ಯೆಯ ಜೊತೆಗೆ ನುಡಿ. ಇವು ಒಂದೇ ಕಟ್ಟಡದ ಕಲ್ಲುಗಳೆಂದು ಆ ಕಾಲ ತಿಳಿದಿತ್ತು. ಬರಿಯ ಗೋಡೆಯನ್ನು ಕಟ್ಟಡವೆಂದು ಅದು ಭ್ರಮಿಸಲಿಲ್ಲ.

ಮುಂದಿನ ಶಿವರಾತ್ರಿಗೆ ನಂದಿಯಲ್ಲಿ ಮತ್ತೆ ಜಾತ್ರೆ ಕೂಡುತ್ತದೆ. ಆ ಮುದುಕಿ ಮತ್ತೆ ಅಂಗಡಿ ಹೂಡುತ್ತಾಳೆ. ಅವಳಿಗೆ 9503 ಎಂಬ ಅಂಕೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ತಾನು ಒಂದು ಮರದ ಕುದುರೆಯನ್ನು ತಂದಿಟ್ಟರೆ ಸಂಜೆಯೊಳಗೆ ಅದು ಮಾರಿಹೋದೀತೆಂಬ ಧೈರ್ಯ ಅವಳಿಗೆ ಬರಬೇಕು. ಆ ಧೈರ್ಯವನ್ನು ಕೊಡುವುದು ಸುಂಕದವನೊಬ್ಬನ ಕೈಯಲ್ಲಿಲ್ಲ. ಕೊಳ್ಳುವ ನಮ್ಮ ಕೈಯಲ್ಲೂ ಇದೆ.